ತೂಕಕ್ಕೆ ನಿಂತ ಮನೆ

"ನೀರಿನ ಟ್ಯಾಂಕ್ ಖಾಲಿ ಇದೆ ತಾನೆ?" ಲಾರಿ ತೂಗುವ ವೇಬ್ರಿಡ್ಜ್ ಕೋಣೆಯ ಕಿಟಕಿಯಿಂದ ತಲೆ ಹೊರಹಾಕಿ ಗಂಡ ಕೇಳಿದ.

"ಹೂಂ," ಎಂದಳು ಅವಳು.

ಸುಳ್ಳು ಹೇಳಲೇಬೇಕೆಂದು ಅವಳೇನೂ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಆಡಿಬಿಟ್ಟಳು. ಪುಟ್ಟ ಟ್ರಕ್ಕಿನ ಮುಂದಿನ ಉದ್ದ ಸೀಟಿನಲ್ಲಿ ಅವಳು ನಡುವೆ ಕೂತಿದ್ದಳು, ಅತ್ತೆ ಕಿಟಕಿಯ ಪಕ್ಕ. ಸ್ಟೇರಿಂಗಿನ ಹಿಂದೆ ಗಂಡನ ಬದಲು ಅವನಷ್ಟೇ ಭಾರದ ಎರಡು ಚೀಲ ಜಲ್ಲಿ. ತಾನು ತೂಕ ನೋಡಲು ಒಳಗೆ ಹೋದರೆ ತನ್ನ ತೂಕ ಲೆಕ್ಕದಿಂದ ತಪ್ಪಿಹೋಗುತ್ತದೆಂದು ಅವನೇ ತುಂಬಿ ತಂದು ಕೂರಿಸಿದ್ದ. ಉರುಳದಿರಲೆಂದು ಬೆಲ್ಟನ್ನೂ ಬಿಗಿದಿದ್ದ.

"ನಿನ್ನ ಗಂಡ ಇವತ್ತು ಭಾರಿ ಗಂಭೀರವಾಗಿದ್ದಾನೆ ಕಣೆ," ಎಂದು ಅತ್ತೆ ಚೀಲಗಳ ಕಡೆ ಕಣ್ಣು ಮಿಟುಕಿಸಿದರು. "ಮಾತಿಲ್ಲ, ಕತೆಯಿಲ್ಲ."

ಬೇರೆ ದಿನವಾಗಿದ್ದರೆ ಅವಳು ಬಿದ್ದುಬಿದ್ದು ನಗುತ್ತಿದ್ದಳು. ಇವತ್ತು ತುಟಿ ಅಲುಗಿತು, ಅಷ್ಟೇ.

ಕಲ್ಲುಕ್ವಾರಿಯ ರಸ್ತೆಯ ಆ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ನೋಡುವುದು ಅವಳ ಗಂಡನ ಕೆಲಸ. ಲಾರಿಯವರು ಅವನನ್ನು ಗ್ರಾಮಣ್ಣ ಎನ್ನುತ್ತಿದ್ದರು, ಒಂದು ಗ್ರಾಂ ಕೂಡ ಬಿಟ್ಟುಕೊಡದ ಆಸಾಮಿ ಎಂದು. ಚಹಾ ಕುಡಿಸಿದವರು, ಕೈಕಾಲು ಹಿಡಿದವರು, ಹೆದರಿಸಿದವರು ಎಲ್ಲರೂ ಸೋತು ಸುಮ್ಮನಾಗಿದ್ದರು. ಸ್ವಂತ ಭಾವನ ಲಾರಿಯನ್ನೇ ಲೋಡು ಜಾಸ್ತಿ ಎಂದು ವಾಪಸ್ ಕಳಿಸಿದ ಮೇಲೆ ಅಕ್ಕ ಅವನೊಂದಿಗೆ ಮಾತು ಬಿಟ್ಟಿದ್ದಳು. ಇಂಥವನು ತನ್ನ ಗಾಡಿಯನ್ನು ತೂಗದೆ ಬೆಟ್ಟ ಹತ್ತಿಸುತ್ತಾನೆಯೇ? ಬರುವ ವಾರ ಹೊರಡುವುದೆಂದು ತೀರ್ಮಾನವಾಗಿತ್ತು. ರಜೆಯ ದಿನ ತೂಕದ ಪ್ಲೇಟು ಖಾಲಿ ಇರುತ್ತದೆಂದು ಇವತ್ತು ಗಾಡಿ, ಸಾಮಾನು, ಜನ ಎಲ್ಲವನ್ನೂ ತಂದು ನಿಲ್ಲಿಸಿದ್ದ.

ಗಾಡಿ ಗುಜರಿಯವನಿಂದ ಬಂದದ್ದು. ಅದರ ಬೆನ್ನ ಮೇಲಿನ ಕೋಣೆ ಮುಚ್ಚಿಹೋದ ಔಷಧಿ ಅಂಗಡಿಯ ಹಲಗೆಗಳದ್ದು. ಒಳಗೆ ಇಬ್ಬರು ಮಲಗುವ ಮಂಚ, ಅದರ ಕೆಳಗೆ ಎಂಬತ್ತು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಟ್ಯಾಂಕು, ಮೂಲೆಯಲ್ಲಿ ಒಲೆ. ದಿಂಬು, ಹಾಸಿಗೆಯ ಕವರು, ಕಿಟಕಿಯ ಬಟ್ಟೆ ಎಲ್ಲ ಅವಳ ಹೊಲಿಗೆ ಯಂತ್ರದಿಂದ ಇಳಿದವು. ಬೆಟ್ಟದ ಊರುಗಳಲ್ಲಿ ರೂಮು ಹಿಡಿಯುವ ತಾಕತ್ತು ತಮಗಿಲ್ಲ, ಆದರೆ ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗಲು ಯಾರಪ್ಪನ ಅಪ್ಪಣೆ ಬೇಕು ಎಂದು ಮೊದಲು ಹೇಳಿದವಳು ಅವಳೇ. ಆ ಮಾತನ್ನು ಗಂಡ ತಲೆಗೆ ಹಚ್ಚಿಕೊಂಡ. ಹೊಲಿಗೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಯಾವ ಏರು ಹಗಲಲ್ಲೇ ಹತ್ತಬೇಕು, ಯಾವ ಊರಲ್ಲಿ ಡೀಸೆಲ್ ಅಗ್ಗ, ಯಾವ ತೊರೆಯ ಪಕ್ಕ ನಿಲ್ಲಬಹುದು ಎಂದು ಇಬ್ಬರೂ ತಲೆಗೆ ತಲೆ ಹಚ್ಚಿ ಕೂತಾಗ ಅವಳಿಗೆ ಮದುವೆಯಾದ ಹೊಸತರ ಹುರುಪು ಮರಳಿ ಬಂದಿತ್ತು. ಆಗಲೂ ಅವರಿಗೆ ಮನೆಯಲ್ಲಿ ಸಿಕ್ಕಿದ್ದು ಎರಡು ಕೋಣೆ, ನಡುವೆ ಒಂದು ಪರದೆ, ಪರದೆಯ ಆಚೆ ಅತ್ತೆ. ಹನ್ನೆರಡು ವರ್ಷ ಅವರು ಗಂಡಹೆಂಡತಿ ಪಿಸುಮಾತಿನಲ್ಲೇ ಜಗಳವಾಡಿದ್ದರು, ಪಿಸುಮಾತಿನಲ್ಲೇ ರಾಜಿಯಾಗಿದ್ದರು.

ಒಂದು ದಿನ ಅತ್ತೆ ಮೇಜಿನ ಪಕ್ಕ ಹಾದುಹೋಗುವಾಗ ನಕ್ಷೆಯ ಒಂದು ಜಾಗದ ಮೇಲೆ ಬೆರಳಿಟ್ಟರು. "ಈ ಬೆಟ್ಟದಲ್ಲಿ ನಾನು ಗಿಡ ನೆಟ್ಟಿದ್ದೀನಿ ಕಣೋ. ಮದುವೆಗೆ ಮುಂಚೆ, ಅರಣ್ಯದವರ ಕೂಲಿಗೆ ಹೋಗ್ತಿದ್ದೆ. ಮೊಣಕಾಲುದ್ದ ಗಿಡ. ಈಗ ಎಷ್ಟೆತ್ತರ ಆಗಿದ್ಯೋ."

"ಹಾಗಾದ್ರೆ ನೀನೂ ಬಾ ಅಮ್ಮ," ಎಂದುಬಿಟ್ಟ ಮಗರಾಯ, ಬೀದಿಯ ತುದಿಯ ಅಂಗಡಿಗೆ ಕರೆದಷ್ಟು ಸಲೀಸಾಗಿ.

ಮರುದಿನವೇ ಮಂಚದ ಪಕ್ಕ ಇನ್ನೊಂದು ಮಡಚುವ ಹಲಗೆ ಬಂತು. ಅದರ ಹಿಂದೆಯೇ ಗಂಡ ಅಳತೆ ಹಿಡಿದು ಬಂದ. "ನಡುವೆ ಒಂದು ಪರದೆ ಹೊಲಿದುಬಿಡು." ಅವಳು ತುಟಿಪಿಟಕ್ಕೆನ್ನದೆ ಹೊಲಿದಳು. ಬೆಟ್ಟಕ್ಕೆ ಹೋದರೂ ಪರದೆ ತಪ್ಪಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅತ್ತೆಯ ಮೇಲೆ ಸಿಟ್ಟೇ ಎಂದರೆ ಅದೂ ಅಲ್ಲ. ಅತ್ತೆ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ನಿನ್ನೆ ಸಂಜೆ ಗಂಡ ಹೇಳಿದ್ದ: ಟ್ಯಾಂಕ್ ತುಂಬಿಸಿ ಸೋರುತ್ತದಾ ನೋಡು, ಆಮೇಲೆ ಖಾಲಿ ಮಾಡು, ದಾರಿಯಲ್ಲಿ ಬೇಕಾದಷ್ಟೇ ತುಂಬಿಕೊಳ್ಳೋಣ. ತುಂಬಿಸಿದಳು. ಸೋರಲಿಲ್ಲ. ಖಾಲಿ ಮಾಡಲು ನಲ್ಲಿಯ ಮೇಲೆ ಕೈಯಿಟ್ಟವಳು ತಲೆಯೆತ್ತಿ ನೋಡಿದರೆ ಎದುರಿಗೆ ತಾನು ಹೊಲಿದ ಪರದೆ. ಕೈ ವಾಪಸ್ ಬಂತು. ಅವಳು ಮಾಡಿದ್ದು ಇಷ್ಟೇ, ಅಂದರೆ ಏನೂ ಮಾಡದೇ ಇದ್ದದ್ದು.

"ಮಿತಿಗಿಂತ ಎಪ್ಪತ್ತು ಕಿಲೋ ಜಾಸ್ತಿ!" ಗಂಡ ತೂಕದ ಕೋಣೆಯಿಂದಲೇ ಕೂಗಿದ.

ಹೊರಗಿನ ಕಂಬದ ಮೇಲೆ ಕೆಂಪು ಅಂಕಿಗಳು ಎಲ್ಲರಿಗೂ ಕಾಣುವಂತೆ ಉರಿಯುತ್ತಿದ್ದವು. ಅವನು ಹೊರಬಂದು ಸಾಮಾನು ಇಳಿಸತೊಡಗಿದ. ಕಬ್ಬಿಣದ ಎರಡು ಕುರ್ಚಿ ಇಳಿದವು. ಮಡಚುವ ಮೇಜು ಇಳಿಯಿತು. ಜಾಕು, ಹಗ್ಗ, ಬಕೆಟ್ಟು ಒಂದೊಂದಾಗಿ ನೆಲ ಕಂಡವು. ಒಳಗೆ ಓಡಿದ, ನೋಡಿದ, ಹೊರಬಂದ.

"ಇನ್ನೂ ನಲವತ್ತು. ಒಂದೊಂದು ಹಲಗೆ ತೂಗಿ ಕಟ್ಟಿದ್ದೀನಿ. ಲೆಕ್ಕ ತಪ್ಪಿಲ್ಲ. ಈ ನಲವತ್ತು ಎಲ್ಲಿಂದ ಬಂತು?"

ಅವಳು ತೊಡೆಯ ಮೇಲಿನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಈಗ ಹೇಳಿದರೆ ಮರೆತುಹೋಗಿತ್ತು ಎಂದು ತೇಲಿಸಬಹುದು. ಇನ್ನೊಂದು ಕ್ಷಣ ಕಳೆದರೆ ಅದೂ ಆಗುವುದಿಲ್ಲ. ಅಷ್ಟರಲ್ಲಿ, ರಜೆಯಾದರೂ, ಜಲ್ಲಿ ತುಂಬಿದ ಲಾರಿಯೊಂದು ಬಂದು ಹಿಂದೆ ನಿಂತಿತು. ಡ್ರೈವರ್ ಹಾರ್ನ್ ಹೊಡೆದು, ಆಮೇಲೆ ಯಾರ ಗಾಡಿ ಎಂದು ತಿಳಿದು ಹಲ್ಲು ಕಿರಿದ.

"ಏನು ಗ್ರಾಮಣ್ಣ, ಸ್ವಂತ ಗಾಡೀನೂ ಓವರ್ ಲೋಡಾ? ನಲವತ್ತು ಕಿಲೋ ತಾನೆ, ಬಿಡಣ್ಣ."

"ಇಳಿಜಾರಲ್ಲಿ ಬ್ರೇಕ್ ಕಾಯ್ದಾಗ ಅದಕ್ಕೆ ಸ್ವಂತದ್ದು, ಬೇರೆಯವರದ್ದು ಅಂತ ಗೊತ್ತಾಗುತ್ತಾ?" ಗಂಡನ ದನಿ ಬಿಗಿದುಕೊಂಡಿತ್ತು. "ಹೆಂಡತಿ, ತಾಯಿ ಕೂತಿರ್ತಾರೆ ಕಣಯ್ಯ."

ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಂಡರು. ಬಾಗಿಲು ತೆರೆದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಮೆಲ್ಲಗೆ ಇಳಿದು ಪ್ಲೇಟಿನ ಆಚೆ ಹೋಗಿ ನಿಂತರು. ಕಂಬದ ಮೇಲಿನ ಅಂಕಿ ಬಿತ್ತು. ಗಾಡಿಯ ಮಿತಿಯ ಒಳಗೆ ಬಂದು ನಿಂತಿತು.

ಲಾರಿ ಡ್ರೈವರ್ ತಲೆ ಒಳಗೆ ಎಳೆದುಕೊಂಡ.

"ಅಮ್ಮ, ಹತ್ತು ಮೇಲೆ," ಎಂದ ಗಂಡ.

"ಯಾಕೋ? ಮುದುಕಿ ಇಳಿದ್ರೆ ಗಾಡಿ ಹಗುರ ಆಯ್ತು. ಇದಕ್ಕೆ ಮುಖ ಯಾಕೆ ಸಣ್ಣ ಮಾಡ್ಕೋತೀಯ? ನೀವಿಬ್ರೂ ಹೋಗಿಬನ್ನಿ. ಮರಗಳು ಎಲ್ಲಿಗೆ ಓಡಿಹೋಗ್ತಾವೆ? ಮುಂದಿನ ವರ್ಷ ನೋಡಿದ್ರಾಯ್ತು."

ಅವಳು ಬೇಡಿದ್ದು ಕೈಗೆ ಬಂದಿತ್ತು. ಬಾಯಿ ತೆರೆಯುವ ಅಗತ್ಯವೇ ಇಲ್ಲ, ಸುಮ್ಮನೆ ಕೂತರೆ ಸಾಕು. ತೊರೆಯ ಪಕ್ಕದ ಬೆಳಗು, ಕೋಣೆಯಲ್ಲಿ ಇಬ್ಬರೇ, ಎಷ್ಟು ಗಟ್ಟಿಯಾಗಿ ಬೇಕಾದರೂ ನಗಬಹುದು. ಆದರೂ ಅತ್ತೆ ತಮ್ಮ ಬಟ್ಟೆಯ ಗಂಟು ತೆಗೆದುಕೊಳ್ಳಲು ಗಾಡಿಯ ಹಿಂದಕ್ಕೆ ಹೋದಾಗ ಅವಳು ತಡೆಯಲಾರದೆ ಇಳಿದು ಹಿಂದೆಯೇ ಹೋದಳು.

ಒಳಗೆ ಅತ್ತೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಹೊಸ ಹಲಗೆಯನ್ನು ಅಂಗೈಯಿಂದ ಸವರುತ್ತಿದ್ದರು. ಅವಳು ಮೆಟ್ಟಿಲು ಹತ್ತಿದಾಗ ಗಾಡಿ ಒಂದಿಷ್ಟು ವಾಲಿತು. ಮಂಚದ ಕೆಳಗಿನಿಂದ ಗುಳಕ್ ಎಂದು ಸದ್ದು ಬಂತು. ಅತ್ತೆ ಕೈ ನಿಲ್ಲಿಸಿದರು. ಬಗ್ಗಿ ಬೆರಳ ಗೆಣ್ಣಿನಿಂದ ಟ್ಯಾಂಕಿಗೆ ಎರಡು ಸಲ ಬಡಿದರು.

"ಇದು ತುಂಬಿದ್ಯಲ್ಲೇ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಖಾಲಿ ಮಾಡೋಕೆ ಮರೆತ್ಯಾ?" ಎಂದರು ಅತ್ತೆ. ಆ ಪ್ರಶ್ನೆಯಲ್ಲಿ ಅವರು ಬಾಗಿಲು ತೆರೆದೇ ಇಟ್ಟಿದ್ದರು. ಹೂಂ ಎಂದರೆ ಮುಗಿಯಿತು, ನಕ್ಕು ಮರೆತುಬಿಡುವ ಮಾತು. ಆದರೆ ಸ್ವಲ್ಪ ಮುಂಚೆ ಅಷ್ಟು ಸುಲಭವಾಗಿ ಬಂದಿದ್ದ ಹೂಂ ಈಗ ನಾಲಿಗೆಯ ಮೇಲೆ ಏಳಲಿಲ್ಲ.

"ಇಲ್ಲ ಅತ್ತೆ," ಎಂದಳು.

ಅತ್ತೆ ಅವಳನ್ನು ನೋಡಿದರು. ಪರದೆಯನ್ನು ನೋಡಿದರು. ಅವರ ಮುಖ ನಿಧಾನಕ್ಕೆ ಕೆಂಪಾಯಿತು, ಆಮೇಲೆ ಬಣ್ಣ ಇಳಿಯಿತು. ಬೈದಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು. ಅವರು ಬೈಯಲಿಲ್ಲ. ಗಂಟು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದರು.

"ನಾನಂತೂ ಅವನಿಗೆ ಹೇಳಲ್ಲ. ಹೇಳೋದು ಬಿಡೋದು ನಿನಗೇ ಬಿಟ್ಟಿದ್ದು."

ಹೊರಗೆ ಗಂಡ ಪ್ಲೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಕಡ್ಡಿ ಹಾಕಿ ಕೆದಕುತ್ತಿದ್ದ. ಏನೂ ಸಿಗಲಿಲ್ಲ. ಎದ್ದು ಜೇಬಿನಿಂದ ಮೊಬೈಲ್ ತೆಗೆದ.

"ಮಾಲೀಕರಿಗೆ ಫೋನ್ ಮಾಡ್ತೀನಿ. ಪ್ಲೇಟ್ ಕೆಟ್ಟಿದೆ, ಬೇರೆ ಏನೂ ಇರೋಕೆ ಸಾಧ್ಯಾನೇ ಇಲ್ಲ. ಎಷ್ಟು ದಿನದಿಂದ ಕೆಟ್ಟಿದ್ಯೋ. ಈ ವಾರ ನಾನು ವಾಪಸ್ ಕಳಿಸಿದ ಲಾರಿಗಳೆಲ್ಲ..." ಲಾರಿ ಡ್ರೈವರ್ ಕಿಟಕಿಯಿಂದ ಪೂರ್ತಿ ಹೊರಬಾಗಿದ. ಈ ಮಾತು ಸಂಜೆಯೊಳಗೆ ಕ್ವಾರಿಯ ತುಂಬ ಹಬ್ಬುತ್ತದೆಂದು ಮೂವರಿಗೂ ಗೊತ್ತಿತ್ತು.

ಗಂಡನ ಹಣೆಯ ಮೇಲೆ ಬೆವರೊಡೆದಿತ್ತು. ಅವನು ತನ್ನ ಯಂತ್ರವನ್ನು ಅನುಮಾನಿಸಿದ, ತನ್ನ ಲೆಕ್ಕವನ್ನು ಅನುಮಾನಿಸಿದ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರನ್ನೇ ಪಣಕ್ಕಿಡಲು ಹೊರಟ. ಮಂಚದ ಕೆಳಗೆ ಒಂದು ಸಲ ಬಗ್ಗಿ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ, ಯಾಕೆಂದರೆ ಹೆಂಡತಿ ಖಾಲಿ ಎಂದಿದ್ದಳು.

"ರೀ, ಫೋನ್ ಮಾಡಬೇಡಿ," ಎಂದಳು. "ಪ್ಲೇಟ್ ಸರಿಯಾಗೇ ಇದೆ. ಟ್ಯಾಂಕ್ ತುಂಬಿದೆ."

"ಖಾಲಿ ಅಂದ್ಯಲ್ಲ?"

"ಸುಳ್ಳು ಹೇಳ್ದೆ."

"ಯಾಕೆ?"

ಹೇಳಲು ಅವಳ ಬಳಿ ಹನ್ನೆರಡು ವರ್ಷದ ಮಾತಿತ್ತು. ಹೊರಬಂದದ್ದು ಒಂದು ಚೂರು. "ಒಂದೇ ಒಂದು ಸಲ ನಾವಿಬ್ಬರೇ ಹೋಗಬೇಕು ಅಂತಿತ್ತು."

ಗಂಡ ಮೊಬೈಲನ್ನು ಜೇಬಿಗೆ ಹಾಕಲು ಎರಡು ಸಲ ತಡಕಾಡಿದ. "ಮರಳಿಗೆ ನೀರು ಹೊಡೆದು ತೂಕ ಏರಿಸ್ಕೊಂಡು ಬರೋ ಕಳ್ಳರನ್ನ ದಿನಾ ಹಿಡೀತೀನಿ," ಎಂದ. "ಮನೆಯಲ್ಲೇ ಒಬ್ಬಳಿದ್ದಾಳೆ ಅಂತ ಗೊತ್ತಿರಲಿಲ್ಲ." ದನಿ ಏರಲಿಲ್ಲ. ಏರದ ದನಿಗೇ ಅವಳು ಹೆಚ್ಚು ಹೆದರಿದಳು. ಅವನು ಗಾಡಿಯೊಳಗೆ ತೂರಿ ಮಂಚದ ಕೆಳಗಿನ ನಲ್ಲಿ ತಿರುಗಿಸಿದ. ನೀರು ಅಡಿಯ ಕೊಳವೆಯಿಂದ ಭರ್ರನೆ ಪ್ಲೇಟಿನ ಮೇಲೆ ಸುರಿದು ಅಂಚಿನಿಂದ ಮಣ್ಣಿಗಿಳಿಯಿತು. ಹೊರಬಂದು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೆಟ್ಟಾನೂ ಬೇಡ, ಕಾಡೂ ಬೇಡ. ಗಾಡಿ ನಾಳೇನೇ ಮಾರಿಬಿಡ್ತೀನಿ."

"ಸಾಕು ಸುಮ್ಮನಿರೋ, ದೊಡ್ಡ ಧರ್ಮರಾಯ," ಎಂದರು ಅತ್ತೆ. "ನನ್ನನ್ನ ಬಾ ಅಂತ ಕರೆಯೋವಾಗ ಅವಳನ್ನ ಒಂದು ಮಾತು ಕೇಳಿದ್ಯಾ?"

ಗಂಡ ಆಗಲೇ ಒಣಗಿದ ಕೈಯನ್ನು ಮತ್ತೊಮ್ಮೆ ಪ್ಯಾಂಟಿಗೆ ಒರೆಸಿದ.

"ಕೇಳಿಲ್ಲ. ಪರದೆ ಹೊಲಿ ಅಂದೆ. ಇವಳೂ ಹೊಲಿದು ಕೊಟ್ಟಳು, ಮಹಾತಾಯಿ." ಅತ್ತೆ ಅವಳ ಕಡೆ ತಿರುಗಿದರು. ಈಗ ಅವರ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ನೀನು ಬಾಯಿಬಿಟ್ಟು, 'ಅತ್ತೆ, ಈ ಸಲ ನಾವಿಬ್ಬರೇ ಹೋಗ್ತೀವಿ' ಅಂದಿದ್ರೆ ನಾನು ಸಂತೋಷವಾಗಿ ಮನೇಲಿರ್ತಿದ್ದೆ. ನನ್ನನ್ನ ಕಲ್ಲಿನ ಚೀಲದ ಹಾಗೆ ತೂಕ ಹಾಕಿ ಇಳಿಸಿದ್ಯಲ್ಲ, ಅದಕ್ಕೆ ಈಗ ಬಂದೇ ಬರ್ತೀನಿ. ಸರಿ, ಹತ್ತು."

ಅವಳು ಹತ್ತಿದಳು. ಬೇರೆ ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಅತ್ತೆ ಪಕ್ಕಕ್ಕೆ ಬಂದು ಕೂತು ಬಾಗಿಲನ್ನು ಢಬ್ಬೆಂದು ಎಳೆದುಕೊಂಡರು. ಗಂಡ ಬಗ್ಗಿ ಒಂದು ಕುರ್ಚಿ ಎತ್ತಿ ಗಾಡಿಯೊಳಗಿಟ್ಟ. ಇನ್ನೊಂದು ಕುರ್ಚಿ ಇಟ್ಟ. ಮೇಜು, ಜಾಕು, ಹಗ್ಗ, ಬಕೆಟ್ಟು. ಯಾರ ಮುಖವನ್ನೂ ನೋಡದೆ ತೂಕದ ಕೋಣೆಗೆ ನಡೆದ.

ನೀರು ನಿಂತಿತು. ಹಿಂದಿನ ಲಾರಿಯವನು ಎಂಜಿನ್ ಆರಿಸಿದ. ಕಂಬದ ಮೇಲೆ ಕೆಂಪು ಅಂಕಿ ಇಳಿದು ಮಿತಿಯ ಹತ್ತಿರ ಬಂತು. ಬಂದು, ಕೊನೆಯ ಅಂಕಿ ನಿಲ್ಲದೆ ಹಿಂದೆ ಮುಂದೆ ಹೊಯ್ದಾಡತೊಡಗಿತು. ಅತ್ತೆ ಸೊಸೆ ಇಬ್ಬರೂ ಮುಂದಿನ ಗಾಜಿನಾಚೆ ಅದನ್ನೇ ದಿಟ್ಟಿಸುತ್ತಿದ್ದರು.

"ಯಾರೋ ಅಲುಗಾಡ್ತಿದ್ದೀರಿ," ಎಂದು ಕೋಣೆಯಿಂದ ಗಂಡನ ದನಿ ಬಂತು. "ಗಾಡಿ ಅಲುಗಿದ್ರೆ ತೂಕ ನಿಲ್ಲಲ್ಲ. ಯಾರದು?"

ಅವಳು ಮಂಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದಳು. ಅವು ಅವಳ ಮಾತು ಕೇಳಲಿಲ್ಲ. ಹಲ್ಲು ಕಚ್ಚಿ ಒತ್ತಿದಷ್ಟೂ ನಡುಕ ಹೆಚ್ಚಾಯಿತು.

"ನಾನೇ ಕಣೋ," ಎಂದು ಅತ್ತೆ ಕಿಟಕಿಯಿಂದ ಗಟ್ಟಿಯಾಗಿ ಕೂಗಿದರು. "ವಯಸ್ಸಾಯ್ತಲ್ಲ. ಒಂಚೂರು ತಡಿ."

ಅವರು ಎದುರಿನ ಅಂಕಿಯಿಂದ ಕಣ್ಣು ತೆಗೆಯದೆ ಒರಟಾದ ತಮ್ಮ ಅಂಗೈಯನ್ನು ಅವಳ ಮಂಡಿಯ ಮೇಲೆ ಭಾರವಾಗಿ ಇಟ್ಟು, ಹಾಗೇ ಹಿಡಿದುಕೊಂಡರು.