ಒಂದೇ ಅರ್ಜಿ, ನಾಲ್ಕು ಪಿಸ್ತೂಲು

ಬ್ರೂಕ್ ಕೈಗಿತ್ತ ಹಾಳೆಯಲ್ಲಿ ಹನ್ನೊಂದು ಸಾಲುಗಳಿದ್ದವು. ಕೊನೆಯ ಸಾಲನ್ನು ಲೀಟಾ ಎರಡು ಸಲ ಓದಿದಳು. 'ಒಬ್ಬರಿಗೆ ತಿಂಗಳಿಗೊಂದೇ ಪಿಸ್ತೂಲು ಎಂಬ ಕಾನೂನನ್ನು ಅಂದು ತೆಗೆದುಹಾಕದೆ ಇದ್ದಿದ್ದರೆ ನನ್ನ ಗಂಡ ಇಂದು ಬದುಕಿರುತ್ತಿದ್ದರು.'

"ಇದು ನಾನು ಬರೆದದ್ದಲ್ಲ."

"ನೀವು ಕಳಿಸಿದ್ದನ್ನೇ ಸ್ವಲ್ಪ ತಿದ್ದಿದೀವಿ," ಎಂದಳು ಬ್ರೂಕ್. ಬಂದೂಕು ನಿಯಂತ್ರಣಕ್ಕಾಗಿ ಓಡಾಡುವ ಸಂಘದ ಹುಡುಗಿ ಅವಳು, ಬೆಳಗಿನಿಂದ ಕೂತಿರಲಿಲ್ಲ. "ಸಿಗೋದು ಎರಡೇ ನಿಮಿಷ. ಕೊನೆ ಮಾತು ಗಟ್ಟಿಯಾಗಿರ್ಬೇಕು."

"ಅವನು ಬದುಕಿರ್ತಿದ್ದನೋ ಇಲ್ವೋ ನನಗೆ ಗೊತ್ತಿಲ್ಲ."

"ಒಳಗೆ ಕೂತಿರೋ ಶಾಸಕರಿಗೂ ಗೊತ್ತಿಲ್ಲ ಮಿಸೆಸ್ ಹೇರ್‌ಸ್ಟನ್. ಆದರೂ ಮತ ಹಾಕ್ತಾರೆ."

ರಾಜಧಾನಿ ರಿಚ್ಮಂಡಿನ ಶಾಸಕರ ಕಟ್ಟಡದ ಆ ಮೊಗಸಾಲೆಯಲ್ಲಿ, ಆ ಕಾನೂನನ್ನು ಮತ್ತೆ ತರುವ ಮಸೂದೆಯ ಪರ, ವಿರೋಧದ ಎರಡೂ ಕಡೆಯವರು ಒಂದೇ ಬೆಂಚುಗಳ ಮೇಲೆ ಕಾದಿದ್ದರು. ಲೀಟಾಳ ಅತ್ತೆ ಅರ್ನೆಸ್ಟೀನ್ ಚರ್ಚಿಗೆ ಹೋಗುವ ಟೊಪ್ಪಿಗೆ ಹಾಕಿಕೊಂಡು ಬಂದಿದ್ದಳು. ಅವಳ ಪಕ್ಕದಲ್ಲಿ ಬೇಟೆಗಾರರ ಕೋಟು ತೊಟ್ಟ ಒಬ್ಬ ಮುದುಕ, ಹಂದಿಮಾಂಸ ಇಟ್ಟ, ಬನ್ನಿನಂಥ ಬಿಸ್ಕತ್ತು ತಿನ್ನುತ್ತಿದ್ದ.

"ತಿಂಗಳಿಗೊಂದು ಸಾಲದಾ ನಿಮಗೆ?" ಅರ್ನೆಸ್ಟೀನ್ ಅವನನ್ನು ಕೇಳಿದಳು. "ನಮ್ಮೆಜಮಾನ್ರು ತಿಂಗಳಿಗೊಂದು ಅಂಗಿ ತಗೊಂಡೋರಲ್ಲ."

"ನಿಮ್ಮ ಮನೇಲಿ ಟೊಪ್ಪಿಗೆ ಎಷ್ಟಿದಾವೆ ಅಮ್ಮಾ?"

"ನನ್ನ ಟೊಪ್ಪಿಗೆ ಯಾರನ್ನೂ ಸಾಯಿಸಿಲ್ಲ."

"ನನ್ನ ಪಿಸ್ತೂಲೂ ಸಾಯಿಸಿಲ್ಲ," ಎಂದ ಮುದುಕ. ಅರ್ಧ ಬಿಸ್ಕತ್ತು ಮುರಿದು ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು.

ಲೀಟಾ ನೋಡುತ್ತ ನಿಂತಿದ್ದಳು. ಗಂಡ ವೆಂಡೆಲ್ ಸತ್ತು ಹದಿನಾಲ್ಕು ತಿಂಗಳಾಗಿದ್ದವು. ಪೆಟ್ರೋಲ್ ಬಂಕಿನಲ್ಲಿ ಬೇರೆ ಯಾರೋ ಇಬ್ಬರು ಜಗಳವಾಡುತ್ತಿದ್ದರು. ಟ್ಯಾಂಕು ತುಂಬಿಸಿಕೊಳ್ಳುತ್ತಿದ್ದ ಇವನಿಗೆ ಗುಂಡು ತಗುಲಿತು. ಪಿಸ್ತೂಲು ಪೊಲೀಸರಿಗೆ ಸಿಗಲಿಲ್ಲ. ಅಂದಿನಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಸರಿಯಾಗಿ ಆಗುತ್ತಿರಲಿಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುವಾಗ ಮಾತ್ರ ತಲೆ ಓಡುತ್ತಿತ್ತು.

ಅತ್ತೆಗೆ ಹೇಳದ ವಿಷಯವೊಂದಿತ್ತು. ಅದನ್ನು ಇಲ್ಲಿ ಹೇಳುತ್ತೇನೆಂದು ವಕೀಲನಿಗೆ ತಿಳಿಸಿದಾಗ ಅವನು ಕನ್ನಡಕ ತೆಗೆದಿಟ್ಟಿದ್ದ. "ಕೇಸು ಹಾಕೋ ಅವಧಿ ಮುಗಿದಿದೆ. ಆದರೆ ಕೆಲಸ ಹೋಗುತ್ತೆ. ಬಾಯಿ ಮುಚ್ಚಿಕೊಂಡಿರೋದಕ್ಕೆ ನಿಮಗೆ ಯಾರೂ ಶಿಕ್ಷೆ ಕೊಡಲ್ಲ ಮೇಡಂ."

ಒಳಗೆ ಶಾಸಕರ ಸಮಿತಿಯ ಸಭೆ ಶುರುವಾಯಿತು. ಇಪ್ಪತ್ತು ಜನ ಮಾತಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡು, ಯಾವತ್ತೂ ಮಾಡುವಂತೆ, "ಮಸೂದೆಯ ಪರವಾಗಿ ಬಂದ ಉಳಿದವರು ಸುಮ್ಮನೆ ಎದ್ದು ನಿಲ್ಲಿ, ಲೆಕ್ಕಕ್ಕೆ ತಗೋತೀವಿ," ಎಂದರು. ಮೂವತ್ತು ಜನ ಎದ್ದರು. ಅರ್ನೆಸ್ಟೀನ್ ಎದ್ದಳು. ಬ್ರೂಕ್ ಕಣ್ಣಲ್ಲೇ ಲೀಟಾಳನ್ನು ಏಳಿಸಲು ನೋಡಿದಳು.

ಲೀಟಾ ಏಳಲಿಲ್ಲ. ಅವರೆಲ್ಲ ಕೂತ ಮೇಲೆ ಎದ್ದು ಮೈಕಿನ ಬಳಿಗೆ ನಡೆದಳು.

"ತಾವು ವಿರೋಧವಾ?" ಅಧ್ಯಕ್ಷರು ಕೇಳಿದರು.

"ಎರಡೂ ಅಲ್ಲ ಸರ್."

"ಇಲ್ಲಿರೋದು ಎರಡೇ ಕಾಲಂ."

"ಯಾವುದರಲ್ಲಾದ್ರೂ ಬರ್ಕೊಳ್ಳಿ. ನನ್ನ ಎರಡು ನಿಮಿಷ ನನಗೆ ಬೇಕು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಮಯ ತೋರಿಸುವ ಹಸಿರು ದೀಪ ಹತ್ತಿತು. ಹಾಳೆಯನ್ನು ಅವಳು ಕುರ್ಚಿಯ ಮೇಲೆಯೇ ಬಿಟ್ಟು ಬಂದಿದ್ದಳು.

"ನಾನು ಲೀಟಾ ಹೇರ್‌ಸ್ಟನ್, ಮಾರ್ಟಿನ್ಸ್‌ವಿಲ್. ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ನೀವು ಈ ಮಿತಿ ತೆಗೆದಿರಿ. ಮುಂದಿನ ತಿಂಗಳೇ ನಮ್ಮ ದೊಡ್ಡಮ್ಮನ ಮಗ ರಾಯ್ಸ್ ನನ್ನನ್ನ ಬಂದೂಕಿನ ಅಂಗಡಿಗೆ ಕರ್ಕೊಂಡು ಹೋದ. ಅವನು ಜೈಲಿಗೆ ಹೋಗಿ ಬಂದವನು, ಅವನಿಗೆ ಪಿಸ್ತೂಲು ಮಾರಲ್ಲ. ನನಗೆ ಇಪ್ಪತ್ತೊಂದು, ಕಾಲೇಜು ಹುಡುಗಿ, ಪೊಲೀಸ್ ದಾಖಲೆಯಲ್ಲಿ ಹೆಸರಿಲ್ಲ. ಪ್ರತಿ ಭಾನುವಾರ ಹಾಸ್ಟೆಲಿಗೆ ಬಿಡ್ತಿದ್ದ ಅಣ್ಣ ಕೇಳಿದ, ಇಲ್ಲ ಅನ್ನಲಿಲ್ಲ. ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತೆ, ಇದು ನಿಮಗಾಗಿಯೇನಾ ಅಂತ. ಹೌದು ಅಂತ ಗುರುತು ಹಾಕಿದೆ. ಒಂದೇ ಅರ್ಜಿ, ಒಂದೇ ಸಹಿ, ನಾಲ್ಕು ಪಿಸ್ತೂಲು."

ಅವಳು ಹಿಂದೆ ತಿರುಗಲಿಲ್ಲ.

"ಒಂದು ನ್ಯೂವರ್ಕ್‌ನಲ್ಲಿ ಸಿಕ್ತು, ಒಂದು ಫಿಲಡೆಲ್ಫಿಯಾದಲ್ಲಿ. ಪೊಲೀಸರು ಫೋನ್ ಮಾಡಿದಾಗ ಕಳುವಾಗಿದ್ವು ಅಂತ ಸುಳ್ಳು ಹೇಳಿದೆ. ಇನ್ನೆರಡು ಎಲ್ಲಿವೆಯೋ ಗೊತ್ತಿಲ್ಲ. ನನ್ನ ಗಂಡನನ್ನ ಕೊಂದದ್ದೂ ಸಿಕ್ಕಿಲ್ಲ. ಅವನಿಗೆ ತಗುಲಿದ ಗುಂಡಿನ ಅಳತೆ, ನಾನು ಕೊಂಡ ಪಿಸ್ತೂಲುಗಳದ್ದು ಒಂದೇ. ಅಂಥವು ಲಕ್ಷಗಟ್ಟಲೆ ಇವೆ."

ಹಳದಿ ದೀಪ ಹತ್ತಿತು. ಎಡಗಡೆಯ ಶಾಸಕರೊಬ್ಬರು ಕೈ ಎತ್ತಿದರು. ಮಸೂದೆಯನ್ನು ಬೆಳಗಿನಿಂದ ಹರಿದು ಹಾಕುತ್ತಿದ್ದವರು.

"ನಿಮ್ಮ ದುಃಖ ಅರ್ಥವಾಗುತ್ತೆ ಮೇಡಂ. ಆದರೆ ನೀವು ಮಾಡಿದ್ದು ಆಗಲೂ ಅಪರಾಧ. ಇದ್ದ ಕಾನೂನನ್ನೇ ಮುರಿದೋರು ಹೊಸ ಕಾನೂನು ಕೇಳೋದೇನು ಚಂದ?"

"ಇದ್ದ ಕಾನೂನು ನನ್ನನ್ನ ಒಂದು ಸಲ ಕೇಳ್ತು ಸರ್. ಮಿತಿ ಇದ್ದಿದ್ರೆ ನಾಲ್ಕು ತಿಂಗಳು, ನಾಲ್ಕು ಸಲ ಕೇಳ್ತಿತ್ತು."

"ನಾಲ್ಕು ಸಲವೂ ಸುಳ್ಳೇ ಹೇಳ್ತಿದ್ರೇನೋ."

"ಇರಬಹುದು. ಆದರೆ ಆ ವಾರವೆಲ್ಲ ನನಗೆ ನಿದ್ದೆ ಬರಲಿಲ್ಲ. ಎರಡನೇ ತಿಂಗಳು ರಾಯ್ಸ್ ಬಂದು ಕರೆದಿದ್ರೆ ಬಾಗಿಲು ತೆಗೀತಿರಲಿಲ್ಲ ಅಂತ ಅನ್ಸುತ್ತೆ. ಅವನು ಎರಡನೇ ಸಲ ಬರಲೇ ಬೇಕಾಗಲಿಲ್ಲ. ಆ ಅನುಕೂಲ ನೀವು ಮಾಡಿಕೊಟ್ಟಿದ್ರಿ."

"ಅಂದರೆ ಈ ಮಿತಿಯಿಂದ ಕೊಲೆ ಕಡಿಮೆ ಆಗುತ್ತೆ ಅಂತೀರಾ? ಹೌದು ಅಥವಾ ಇಲ್ಲ."

"ಗೊತ್ತಿಲ್ಲ. ಸಿಕ್ಕ ಸಂಶೋಧನೆ ಎಲ್ಲ ಓದಿದೀನಿ. ಮಿತಿ ಇದ್ದಾಗ ಇಲ್ಲಿಂದ ಉತ್ತರದ ರಾಜ್ಯಗಳಿಗೆ ಪಿಸ್ತೂಲು ಸಾಗಿಸೋದು ಕಡಿಮೆ ಆಯ್ತು ಅಂತ ಕೆಲವರು ಹೇಳ್ತಾರೆ. ಕೊಲೆ ಬಗ್ಗೆ ಗಟ್ಟಿಯಾಗಿ ಹೇಳೋರನ್ನ ನಾನು ಕಂಡಿಲ್ಲ. ನೀವೂ ಕಂಡಿರಲ್ಲ, ಆದ್ರೂ ಬೆಳಗಿಂದ ಹೇಳ್ತಾನೇ ಇದೀರಿ."

"ಗೊತ್ತಿಲ್ಲ ಅನ್ನೋಕೆ ಇಷ್ಟು ದೂರ ಬಂದಿರಾ?"

"ರಾಜ್ಯದ ಅಪರಾಧ ಕಡಿಮೆ ಆಗುತ್ತೋ ಇಲ್ವೋ ಗೊತ್ತಿಲ್ಲ ಸರ್. ನನ್ನದು ಕಡಿಮೆ ಆಗ್ತಿತ್ತು. ಅದನ್ನ ಹೇಳೋಕೆ ಬಂದೆ."

ಕೆಂಪು ದೀಪ ಹತ್ತಿತು. "ಧನ್ಯವಾದ," ಎಂದರು ಅಧ್ಯಕ್ಷರು, ಅವಳ ಮುಖ ನೋಡದೆ.

ಅರ್ನೆಸ್ಟೀನ್ ಆಗಲೇ ಹೊರಗೆ ಹೋಗಿದ್ದಳು. ಲೀಟಾ ಹುಡುಕಿಕೊಂಡು ಬಂದಾಗ ಲಿಫ್ಟಿನ ಬಳಿ ನಿಂತಿದ್ದಳು.

"ಆ ಎರಡರಲ್ಲಿ ಒಂದಾ?"

"ಇರಬಹುದು ಅತ್ತೆ. ಇಲ್ಲದೇನೂ ಇರಬಹುದು."

"ನನಗೆ ಮನೇಲಿ ಹೇಳ್ಬಹುದಿತ್ತು. ಊರಿನ ಮುಂದೆ ಕೇಳಿಸಿಕೊಂಡೆ ನಾನು."

"ಮನೇಲಿ ಹೇಳಿದ್ರೆ ನೀವು ಕ್ಷಮಿಸ್ತಿದ್ರಿ. ಕ್ಷಮಿಸಿ, ಸುಮ್ಮನಿರು ಮಗಳೇ ಅಂತಿದ್ರಿ. ನಾನು ಸುಮ್ಮನಿರ್ತಿದ್ದೆ."

ಅರ್ನೆಸ್ಟೀನ್ ಲಿಫ್ಟಿನ ಗುಂಡಿ ಒತ್ತಿದಳು. "ಅಂತಿದ್ದೆ," ಎಂದಳು.

ಬ್ರೂಕ್ ಓಡುತ್ತ ಬಂದಳು. ಅವಳ ಕೈಯಲ್ಲಿ ಆ ಹಾಳೆಯಿತ್ತು. "ಮಿಸೆಸ್ ಹೇರ್‌ಸ್ಟನ್, ಗುಮಾಸ್ತರ ಹತ್ರ ಮಾತಾಡಿದೀನಿ. ನಿಮ್ಮ ಹೇಳಿಕೆ ವಾಪಸ್ ತಗೊಂಡು ಬದಲಿಗೆ ಇದನ್ನ ಕೊಡಬಹುದಂತೆ. ಒಂದು ಸಹಿ ಹಾಕಿದ್ರೆ ಸಾಕು. ನಿಮ್ಮ ಕೆಲಸಾನೂ ಉಳಿಯುತ್ತೆ."

ಲೀಟಾ ಬಾಯಿ ತೆರೆಯುವ ಮೊದಲೇ ಅರ್ನೆಸ್ಟೀನ್ ಹಾಳೆಯನ್ನು ಕಿತ್ತುಕೊಂಡು, ತೋಳಿನಷ್ಟು ದೂರ ಹಿಡಿದು ಓದಿದಳು.

"ಇದರಲ್ಲಿ ಆ ನಾಲ್ಕರ ಮಾತಿಲ್ವಲ್ಲ."

"ಇಲ್ಲ ಮೇಡಂ, ಅದೇ ಒಳ್ಳೇದು..."

"ಹಾಗಾದ್ರೆ ಇದು ನಮ್ಮನೇದಲ್ಲ." ಹಾಳೆಯನ್ನು ಅವಳ ಕೈಗೇ ತುರುಕಿದಳು. "ಸತ್ತೋನು ನನ್ನ ಮಗ. ಅವನ ಹೆಂಡತಿ ಹೇಳಿದ್ದು ಹೇಳಿದ ಹಾಗೇ ಇರ್ಲಿ. ಒಂದಕ್ಷರ ಮುಟ್ಟಬೇಡ."

ಲಿಫ್ಟು ಬಂದು ನಿಂತಿತು. ಒಳಗೆ ಹೋದ ಮೇಲೆ, ಬಾಗಿಲನ್ನೇ ನೋಡುತ್ತ, ಅವಳು ಲೀಟಾಳಿಗೆ ಹೇಳಿದಳು: "ನಾನು ಕಾರಿನ ಹಿಂದಿನ ಸೀಟಲ್ಲಿ ಕೂರ್ತೀನಿ. ಮನೆ ಮುಟ್ಟೋವರೆಗೂ ನನ್ನ ಹತ್ರ ಮಾತಾಡ್ಬೇಡ."

"ಸರಿ," ಎಂದಳು ಲೀಟಾ.

ಮೂರು ತಾಸಿನ ದಾರಿ. ಲೀಟಾ ಕಾರನ್ನು ನಿಧಾನವಾಗಿಯೇ ಓಡಿಸಿದಳು.