ಎರಡನೇ ಕೋರಿನ ತಪ್ಪು

ಕಂಪ್ಯೂಟರ್ ಚಿಪ್ಪಿನೊಳಗೆ, ಪ್ರೋಗ್ರಾಮುಗಳನ್ನು ಓಡಿಸುವ ನಾಲ್ಕು ಕೋರುಗಳು. ಒಂದೊಂದರ ಕೆಲಸ ಎಣಿಸಲು ಒಂದೊಂದು ಘಟಕ. ಯಾವ ಎಣಿಕೆ ಯಾವ ಕೋರಿನದೆಂದು ಸಾಫ್ಟ್‌ವೇರಿಗೆ ತಾನಾಗಿ ತಿಳಿಯದು. ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ನಾವು ಬರೆದಿಟ್ಟದ್ದೇ ಅದಕ್ಕೆ ವೇದವಾಕ್ಯ. ಆ ವೇದವ್ಯಾಸ ನಾನೇ. ಹಳೆಯ ಬೋರ್ಡಿನ ಫೈಲನ್ನು ನಕಲು ಮಾಡಿ, ಮೇಲಿನ ಹೆಸರನ್ನಷ್ಟೇ ಬದಲಿಸಿದ್ದೆ. ಹೊಸ ಚಿಪ್ಪಿನಲ್ಲಿ ಎರಡು ಮತ್ತು ಮೂರನೇ ಘಟಕಗಳು ಅದಲುಬದಲಾಗಿವೆ ಎಂದು ನನಗೆ ಗೊತ್ತಾದದ್ದು ಏಳು ತಿಂಗಳ ಮೇಲೆ, ನಿನ್ನೆ.

ಅಷ್ಟರಲ್ಲಿ, ಆ ಎಣಿಕೆಯ ಪ್ರಕಾರ ಎರಡನೇ ಕೋರು ಆಮೆ ಎಂದು ವರದಿ ಬಂದು, ಅದರ ಮೇಲೆ ಓಡುವ ಕೋಡ್ ಬರೆದಿದ್ದ ನನ್ನ ಅಕ್ಕನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿಯಾಗಿತ್ತು. ಮೂರನೆಯದರ ಮೇಲೆ ಓಡುತ್ತಿದ್ದದ್ದು ನನ್ನ ಕೋಡ್. ನನಗೆ ಬಡ್ತಿ ಕೊಟ್ಟಿದ್ದರು.

ಬೆಳಿಗ್ಗೆ ಮ್ಯಾನೇಜರರ ಮುಂದೆ ನಿಂತೆ. ಏನು ಹೇಳಿದರೂ ‘ಸಾರಾಂಶ ಹೇಳಿ’ ಎನ್ನುವುದರಿಂದ ಅವರಿಗೆ ಸಾರಾಂಶ ಎಂದೇ ಹೆಸರು.

“ಅಕ್ಕನ ಕೋಡ್ ಸರಿಯಾಗೇ ಇತ್ತು ಸರ್. ಫೈಲಲ್ಲಿ ನಂಬರ್ ತಪ್ಪು ಹಾಕಿದ್ದು ನಾನು, ನಿಧಾನ ಇದ್ದದ್ದು ನಂದು. ಅವಳನ್ನ ವಾಪಸ್ ಕರೀರಿ.”

ಅವರು ನನ್ನ ಡಿವೈಸ್ ಟ್ರೀ ಫೈಲಿನ ಇತಿಹಾಸ ತೆರೆದರು. ಇನ್ನೊಬ್ಬರು ಓದಿ, ‘ಪರಿಶೀಲಿಸಿದವರು’ ಎಂದು ಹೆಸರು ಹಾಕದೆ ನಮ್ಮಲ್ಲಿ ಯಾವ ಫೈಲೂ ಒಳಗೆ ಹೋಗುವುದಿಲ್ಲ. ಅಲ್ಲಿ ಅಕ್ಕನ ಹೆಸರಿತ್ತು.

“ಸಾರಾಂಶ ಇಷ್ಟೇ ಕಣಪ್ಪ,” ಎಂದರು. “ಕೋಡ್ ತಪ್ಪಲ್ಲ ಅಂದ್ರೆ ಪರಿಶೀಲನೆ ತಪ್ಪು. ಎಲ್ಲಿಂದ ಬಂದ್ರೂ ಅವಳ ಹೆಸರೇ. ಇದನ್ನ ಕೆದಕಿದ್ರೆ ಅವಳಿಗೇ ಇನ್ನೊಂದು ಮಸಿ. ನೀನು ನಿನ್ನ ಕೋಡ್ ಸರಿ ಮಾಡ್ಕೋ, ಹೋಗು.”

ಅಕ್ಕ ಮನೆಯಲ್ಲಿ ನಾಳೆಯ ಸಂದರ್ಶನಕ್ಕೆ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಮೂರು ಕಡೆಯವರು ಹಳೆಯ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ಸುಮ್ಮನಾಗಿದ್ದರು. ಇದು ನಾಲ್ಕನೆಯದು. ನಾನು ಎಲ್ಲವನ್ನೂ ಹೇಳಿದೆ.

“ನಾನು ಓದೇ ಇರ್ಲಿಲ್ಲ ಕಣೋ,” ಎಂದಳು. “ನಿನ್ನ ಫೈಲ್ ಅಲ್ವಾ ಅಂತ ಹೆಸರು ಹಾಕಿಬಿಟ್ಟೆ.”

“ಬೈಯಿ ಅಕ್ಕಾ.”

“ಬೈದ್ರೆ ಕೋರ್ ನಂಬರ್ ತಿರುಗುತ್ತಾ? ಸಾರಾಂಶ ಹೇಗೆ ಹೇಳಿದ್ರು, ಮಾಡಿ ತೋರ್ಸು.”

ಮೂಗಿನ ತುದಿಗೆ ಕನ್ನಡಕ ಜಾರಿಸಿ, ಗಂಟಲು ಕೆರೆದು, ಅವರ ರಾಗದಲ್ಲೇ ಒಪ್ಪಿಸಿದೆ. ಚಿಕ್ಕವರಾಗಿದ್ದಾಗ ನಾನು ಮೇಷ್ಟರನ್ನು ಅನುಕರಿಸಿದರೆ ಅವಳಿಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬರುತ್ತಿತ್ತು. ಈಗ ನಗದೆ ಕೊನೆಯ ಮಾತಿನವರೆಗೂ ಕೇಳಿದಳು.

“ಥೇಟ್ ಅವರೇ. ನಾಳೆ ಫೋನಲ್ಲೂ ಹೀಗೇ ಹೇಳ್ತಾರೆ,” ಎಂದು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಒಂದು ತೋಳು ಇನ್ನೂ ಸುಕ್ಕಾಗಿಯೇ ಇದ್ದ ಅಂಗಿಯನ್ನು ಮಡಿಸಿ ಬೀರುವಿನೊಳಗೆ ಇಟ್ಟಳು.