ಬಾಟಲಿಗೆ ಬೆರೆಸಿದ ಮಣ್ಣು

ಸಹಪಾಠಿಯೊಬ್ಬಳ ವಠಾರಕ್ಕೆ ನೀರಿನ ಫಿಲ್ಟರ್ ಹಾಕಿಸಲು ಚಂದಾ ಎತ್ತುತ್ತ ಕಾಲೇಜಿನ ಗೇಟಿನ ಬಳಿ ಮೇಜು ಹಾಕಿಕೊಂಡು ಕೂತ ಹುಡುಗರಿಗೆ ಬೆಳಗಿನಿಂದ ಬೋಣಿಯೇ ಆಗಿರಲಿಲ್ಲ. ‘ಈ ನೀರು ನೀವು ಕುಡಿಯುತ್ತೀರಾ?’ ಎಂಬ ದೊಡ್ಡಕ್ಷರದ ಬೋರ್ಡು, ಅದರ ಮುಂದೆ ಒಂದು ಬಾಟಲಿ ನೀರು. ತೊಂದರೆಯೆಂದರೆ, ನೋಡಿದವರೆಲ್ಲ ಧಾರಾಳವಾಗಿ ಕುಡಿಯುತ್ತೇವೆ ಎನ್ನುವಷ್ಟು ತಿಳಿಯಾಗಿತ್ತು ಅದು.

“ಏ ಸೈಲೆಂಟ್, ಇದನ್ನ ನಿಮ್ಮ ಬೋರಿಂದ ತಂದ್ಯೋ, ಅಂಗಡೀಲಿ ಕೊಂಡ್ಯೋ?” ಎಂದ ಗುಂಪಿನ ಲೀಡರ್, ಪಕ್ಕದಲ್ಲಿ ನಿಂತಿದ್ದ ಆ ಹುಡುಗಿಗೆ. ಎಲ್ಲರೂ ನಕ್ಕರು.

ತರಗತಿಯಲ್ಲಿ ತುಟಿ ಬಿಚ್ಚದ ಅವಳಿಗೆ ಅವರೇ ಇಟ್ಟ ಹೆಸರು ಅದು. “ನಮ್ಮ ಬೋರಿಂದೇ. ಅದ್ರಲ್ಲಿ ಸೀಸ ಇದೆ. ಕಣ್ಣಿಗೆ ಕಾಣಲ್ಲ,” ಎಂದಳು ನೆಲ ನೋಡುತ್ತ.

ಅವಳ ಮನೆಯಿದ್ದ ವಠಾರದ ಬೆನ್ನಿಗೇ ಹಳೆಯ ಬ್ಯಾಟರಿ ಕರಗಿಸುವ ಕಾರ್ಖಾನೆ. ಅಕ್ಕನ ಮೊದಲ ಮಗು ಹೊಟ್ಟೆಯಲ್ಲೇ ಹೋದಾಗ ನರ್ಸಮ್ಮ ನೀರನ್ನು ಪರೀಕ್ಷೆಗೆ ಕಳಿಸಿ, ಇನ್ನು ಇದನ್ನು ಬಾಯಿಗೆ ಹಾಕಬೇಡಿ ಎಂದಿದ್ದರು. ಅಂದಿನಿಂದ ಹೆಂಗಸರು ಬಸ್ ಡಿಪೋದ ನಲ್ಲಿಯಿಂದ ಹೊತ್ತು ತರುತ್ತಿದ್ದರು. ಅಕ್ಕ ಈಗ ಮತ್ತೆ ತುಂಬಿದ ಬಸುರಿ. ಕೊಡ ಇಳಿಸಿ, ಅಲ್ಲಲ್ಲಿ ಕೂತು, ಏದುಸಿರು ಬಿಡುತ್ತ ಬರುತ್ತಿದ್ದಳು.

“ಕಾಣದೇ ಇರೋದಕ್ಕೆ ಯಾರಮ್ಮಾ ಕಾಸು ಬಿಚ್ತಾರೆ?” ಲೀಡರ್ ಹೂಕುಂಡದಿಂದ ಚಿಟಿಕೆ ಮಣ್ಣು ತೆಗೆದು ಬಾಟಲಿಗೆ ಹಾಕಿ ಕುಲುಕಿದ. “ಸ್ವಲ್ಪ ಮೇಕಪ್ ಅಷ್ಟೇ. ಒಳ್ಳೇದಕ್ಕೇ ತಾನೇ?”

ಒಳ್ಳೇದಕ್ಕೇ ತಾನೇ ಎಂದು ಅವಳೂ ಅಂದುಕೊಂಡಳು.

ಮಣ್ಣು ಕೆಲಸ ಮಾಡಿತು. ಹಾದುಹೋಗುವವರು ನಿಂತರು, ಲೊಚಗುಟ್ಟಿದರು, ಚಂದಾ ಡಬ್ಬಿ ತುಂಬಿತು. ಪಂಪಿನ ವ್ಯಾಪಾರಿಯೊಬ್ಬ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ನನ್ನ ಹತ್ರ ಮದ್ದಿದೆ. ಕಮ್ಮಿ ಬಿದ್ದಿದ್ದು ನಾನು ಹಾಕ್ತೀನಿ,” ಎಂದ. ಅವನು ಕಳಿಸಿದ ನೀಲಿ ಫಿಲ್ಟರ್ ಡ್ರಮ್ಮು ಬೋರಿನ ಪಕ್ಕ ಬಂದು ಕೂತ ದಿನವೇ ಅವಳು ಅದರ ಒಳಗನ್ನು ಬಗ್ಗಿ ನೋಡಿದ್ದು. ಮರಳು, ಜಲ್ಲಿ. ಅಷ್ಟೇ.

ಉದ್ಘಾಟನೆಗೆ ಬಂದಿದ್ದ ಲೀಡರನ ತೋಳು ಹಿಡಿದೆಳೆದಳು. “ಇದು ಮಣ್ಣು ಸೋಸತ್ತೆ. ನಮ್ಮ ನೀರಲ್ಲಿ ಮಣ್ಣೇ ಇರಲಿಲ್ಲ. ಸೀಸ ಹಾಗೇ ಬರತ್ತೆ.”

ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಸುತ್ತ ನೋಡಿ ಪಿಸುಗುಟ್ಟಿದ: “ಈಗ ಬಾಯಿ ಬಂತಾ ನಿನಗೆ? ಮಣ್ಣು ಹಾಕಿದ್ದು ನಾವೇ ಅಂತ ಕಾಸು ಕೊಟ್ಟವರಿಗೆ ಹೇಳ್ಲಾ? ಆಮೇಲೆ ಟೆಸ್ಟ್ ಮಾಡ್ಸೋಣ. ಮೊದ್ಲು ಫೋಟೋಗೆ ಬಾ.”

ಅವಳು ಹೋಗಿ ಸಾಲಿನ ತುದಿಯಲ್ಲಿ ನಿಂತಳು.

ಸಂಜೆ ಮನೆಗೆ ಬಂದರೆ ಅಕ್ಕ ಲೋಟ ಕೈಯಲ್ಲಿ ಹಿಡಿದು, ಗೋಡೆಗೊರಗಿ, ಕಾಲು ಚಾಚಿ ಕೂತಿದ್ದಳು. ಎಷ್ಟೋ ದಿನದ ಮೇಲೆ ಆರಾಮಾಗಿ ಕಂಡಳು.

“ಅಕ್ಕ, ಚೆಲ್ಲು ಅದನ್ನ!”

“ಹುಚ್ಚೇನೇ ನಿನಗೆ? ಫಿಲ್ಟರ್ ನಿನ್ನಿಂದಲೇ ಬಂದಿದ್ದು ಅಂತ ಇಡೀ ವಠಾರ ಕೊಂಡಾಡ್ತಿದೆ.”

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಹೂಕುಂಡ, ಬಾಟಲಿ, ಜಲ್ಲಿ. ಅಕ್ಕ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಮಧ್ಯಾಹ್ನದಿಂದ ಇದನ್ನೇ ಕುಡೀತಿದೀನಲ್ಲೇ.”

ಅವಳು ಕೊಡ ಎತ್ತಿಕೊಂಡು ಡಿಪೋಗೆ ಓಡಿದಳು. ನಲ್ಲಿಯ ಸುತ್ತ ಹೊಸ ಜಾಲರಿ, ಅದಕ್ಕೊಂದು ಬೀಗ.

“ನಿಮಗೇ ಫಿಲ್ಟರ್ ಬಂತಲ್ಲಮ್ಮ,” ಎಂದ ಕಾವಲುಗಾರ. “ಹೊರಗಿನವರಿಗೆ ಇನ್ನು ಬೇಡ ಅಂತ ಸಾಹೇಬ್ರು ಬೀಗ ಹಾಕ್ಸಿದ್ರು.”

“ಅದು ಸರಿಯಿಲ್ಲ ಅಣ್ಣ. ಒಂದು ಕೊಡ, ಅಕ್ಕನಿಗೆ…”

“ಕೀಲಿ ನನ್ನ ಹತ್ರ ಇಲ್ಲ ತಾಯಿ. ಫೋನಿಗೆ ಬಂದ ಫೋಟೋದಲ್ಲಿ ನೀನೂ ಇದ್ದೆಯಲ್ಲ, ನೋಡ್ದೆ. ಚೆನ್ನಾಗಿ ಬಂದಿದೆ.”

ಅವಳು ಹಿಂತಿರುಗುವಾಗ ಡ್ರಮ್ಮಿನ ಮುಂದೆ ಕೊಡಗಳ ಸಾಲು ಬೆಳೆದಿತ್ತು. ಬೇಡ ಎಂದು ಕೂಗಿದಳು. ಒಬ್ಬಾಕೆ ನಕ್ಕು, “ನಮ್ಮ ಹುಡುಗಿಗೆ ಮಾತು ಬಂತು ನೋಡ್ರೇ,” ಎನ್ನುತ್ತ ನಲ್ಲಿ ತಿರುವಿದಳು. ಬಾಗಿಲಲ್ಲಿ ಕೂತಿದ್ದ ಅಕ್ಕ ಅವಳ ಖಾಲಿ ಕೊಡವನ್ನು ನೋಡಿದಳು.

“ಬಾಯಾರಿದೆ ಕಣೇ,” ಎಂದಳು.